ಸಪ್ಲೈ ಚೈನ್ ಸ್ನಾತಕೋತ್ತರ ಪದವಿ: ಏನಿರುತ್ತೆ, ಹೇಗೆ ಓದಬೇಕು

ಕೋರ್ಸಿಗೆ ಸೇರುವ ಮೊದಲೇ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಏರಿಳಿತ ಅನ್ನುವ ಅಳತೆ), ನಾರ್ಮಲ್ ಡಿಸ್ಟ್ರಿಬ್ಯೂಷನ್ (ಸರಾಸರಿಯ ಸುತ್ತ ಗಂಟೆಯಾಕಾರದಲ್ಲಿ ಹರಡುವ ಅಂಕಿಗಳು). ಲಾರಿ, ಗೋದಾಮಿನ ಪಾಠಕ್ಕೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ನಾನು ಇದೇ ಪದವಿ ಮುಗಿಸಿ ಬಿಡಿಭಾಗಗಳ ಪ್ಲಾನಿಂಗ್ ವಿಭಾಗದಲ್ಲಿದ್ದೇನೆ. ದಿನವಿಡೀ ನಾವು ಗುದ್ದಾಡುವುದು ಏರಿಳಿತದ ಜೊತೆ. ಬೇಡಿಕೆ ದಿನಾ ಒಂದೇ ತರ ಇದ್ದು, ಮಾಲು ಹೇಳಿದ ದಿನವೇ ಬರುವಂತಿದ್ದರೆ ಈ ಪದವಿಯ ಅರ್ಧ ಪಾಠ ಬೇಕಾಗುತ್ತಲೇ ಇರಲಿಲ್ಲ.

ದಾಸ್ತಾನಿನ ಪಾಠ ಸಾಮಾನ್ಯವಾಗಿ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರದಿಂದ ಶುರುವಾಗುತ್ತೆ. ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಮ್ಮಿ ಅನ್ನುವ ಲೆಕ್ಕ ಅದು. ಸುಮ್ನೆ ಬಾಯಿಪಾಠ ಮಾಡಬೇಡಿ. ಎಕ್ಸೆಲ್‌ನಲ್ಲಿ ಹಾಕಿ, ಆರ್ಡರ್ ಖರ್ಚನ್ನು ದುಪ್ಪಟ್ಟು ಮಾಡಿ ನೋಡಿ. ತರಿಸಬೇಕಾದ ಪ್ರಮಾಣ ದುಪ್ಪಟ್ಟಾಗಲ್ಲ, ಸುಮಾರು 1.4 ಪಟ್ಟು ಆಗುತ್ತೆ ಅಷ್ಟೇ.

ಆಮೇಲೆ ಬರುವ, ಮಾಲು ಖಾಲಿಯಾಗದಂತೆ ಹೆಚ್ಚುವರಿಯಾಗಿ ಇಟ್ಟುಕೊಳ್ಳುವ ದಾಸ್ತಾನು, ಅಂದರೆ ಸೇಫ್ಟಿ ಸ್ಟಾಕ್‌ಗೆ ಎಷ್ಟು ಸಮಯ ಕೊಟ್ಟರೂ ಜಾಸ್ತಿಯಲ್ಲ. ಪೆನ್ನು ಹಿಡಿದು ಮಾಡಿ. ದಿನಕ್ಕೆ ಸರಾಸರಿ 100 ಬೇರಿಂಗ್ ಖರ್ಚಾಗುತ್ತವೆ, ಸ್ಟ್ಯಾಂಡರ್ಡ್ ಡೀವಿಯೇಶನ್ 20. ಆರ್ಡರ್ ಹಾಕಿದ ಮೇಲೆ ಮಾಲು ಬರಲು 9 ದಿನ. ಆ 9 ದಿನಗಳ ಏರಿಳಿತ ಅಂದರೆ 20ನ್ನು 9ರ ವರ್ಗಮೂಲದಿಂದ ಗುಣಿಸಿದಷ್ಟು, 60. ನೂರರಲ್ಲಿ 95 ಸಲ ಮಾಲು ಖಾಲಿಯಾಗಬಾರದು ಅಂತಿದ್ದರೆ ಅದನ್ನು 1.65ರಿಂದ (ನಾರ್ಮಲ್ ಡಿಸ್ಟ್ರಿಬ್ಯೂಷನ್ ಕೋಷ್ಟಕದಲ್ಲಿ 95ಕ್ಕೆ ಸಿಗುವ ಅಂಕಿ) ಗುಣಿಸಿ. 99 ಬರುತ್ತೆ. 9 ದಿನಕ್ಕೆ ಸರಾಸರಿ ಬೇಕಾಗುವ 900ಕ್ಕೆ ಇದನ್ನು ಕೂಡಿಸಿ: ದಾಸ್ತಾನು 999ಕ್ಕೆ ಇಳಿದ ಕೂಡಲೇ ಹೊಸ ಆರ್ಡರ್ ಹಾಕಬೇಕು.

ಈಗ ಆ 9 ದಿನವೂ ಪಕ್ಕಾ ಅಲ್ಲ, ಅದಕ್ಕೂ 2 ದಿನದ ಸ್ಟ್ಯಾಂಡರ್ಡ್ ಡೀವಿಯೇಶನ್ ಇದೆ ಅಂತಿಟ್ಟುಕೊಳ್ಳಿ. ಬೇಡಿಕೆಯ ವೇರಿಯನ್ಸ್, ಅಂದರೆ ಆ 60ರ ವರ್ಗ, 3,600. ಲೀಡ್ ಟೈಮಿನಿಂದ (ಆರ್ಡರ್ ಹಾಕಿದ ಮೇಲೆ ಮಾಲು ಬರಲು ಹಿಡಿಯುವ ದಿನಗಳು) ಬರುವುದು 100ರ ವರ್ಗ ಇಂಟು 2ರ ವರ್ಗ, ಅಂದರೆ 40,000. ಕೂಡಿಸಿ ವರ್ಗಮೂಲ ತೆಗೆದು 1.65ರಿಂದ ಗುಣಿಸಿದರೆ ಸೇಫ್ಟಿ ಸ್ಟಾಕ್ ಸುಮಾರು 345ಕ್ಕೆ ಜಿಗಿಯುತ್ತೆ! ಸಪ್ಲೈಯರ್ 4 ದಿನಕ್ಕೇ ಕೊಡುತ್ತೇನೆ ಅಂದು, 2 ದಿನದ ಹಿಂದುಮುಂದು ಹಾಗೇ ಉಳಿದರೆ 337. ಅದರ ಬದಲು 9 ದಿನವೇ ಇರಲಿ, ಹಿಂದುಮುಂದು 1 ದಿನಕ್ಕೆ ಇಳಿಯಲಿ: 192. ಬೇಗ ಕೊಡಿ ಅಂತ ಪೀಡಿಸುವುದಕ್ಕಿಂತ ಹೇಳಿದ ದಿನ ಕೊಡಿ ಅಂತ ಕೇಳುವುದು ಎಷ್ಟು ಮುಖ್ಯ ಅಂತ ಈ ಒಂದು ಲೆಕ್ಕದಲ್ಲೇ ಕಾಣುತ್ತೆ, ಅಲ್ವಾ?

ಎಂಐಟಿಯಲ್ಲಿ ಹುಟ್ಟಿದ ಬಿಯರ್ ಗೇಮ್ ಆಡಿಸಿದರೆ ತಪ್ಪಿಸಿಕೊಳ್ಳಬೇಡಿ. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಅಂತ ನಾಲ್ಕು ಪಾತ್ರ. ಗಿರಾಕಿಯ ಬೇಡಿಕೆ ಒಂದೇ ಒಂದು ಸಲ 4ರಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತೆ. ಅಷ್ಟಕ್ಕೇ ಕಾರ್ಖಾನೆಯವರಿಗೆ ಬರುವ ಆರ್ಡರ್ ಎಲ್ಲೆಲ್ಲೋ ಹಾರಾಡುತ್ತೆ. ಇದೇ ಬುಲ್‌ವಿಪ್. ಸಾಧ್ಯವಾದರೆ ಕಾರ್ಖಾನೆಯ ಪಾತ್ರವನ್ನೇ ಕೇಳಿ ತಗೊಳ್ಳಿ. ಪ್ರತಿ ವಾರ ಯಾಕೆ ಅಷ್ಟು ಆರ್ಡರ್ ಹಾಕಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿಡಿ.

ಖರೀದಿ, ಗೋದಾಮಿನ ವಿನ್ಯಾಸ, ಗುಣಮಟ್ಟ ಇವೆಲ್ಲ ಓದಿದರೆ ಬರುತ್ತವೆ. ಇರುವ ಮಿತಿಗಳೊಳಗೆ ಅತಿ ಕಮ್ಮಿ ಖರ್ಚಿನ ದಾರಿ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಎಕ್ಸೆಲ್ ಸಾಲ್ವರ್ ಸಾಕು. ಇನ್‌ಕೋಟರ್ಮ್ಸ್ 2020ರ (ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಖರ್ಚು, ಹೊಣೆ ಯಾರದ್ದು ಅಂತ ಹೇಳುವ ನಿಯಮಗಳು) 11 ನಿಯಮಗಳಲ್ಲಿ ಸಿಐಎಫ್ (ಬೆಲೆ, ವಿಮೆ, ಸಾಗಣೆ ಖರ್ಚು) ಮಾತ್ರ ನಿಧಾನವಾಗಿ ಓದಿ. ಇದರಲ್ಲಿ ಹಡಗಿನ ಬಾಡಿಗೆ, ವಿಮೆ ಕಟ್ಟುವುದು ಮಾರುವವರು. ಆದರೆ ಮಾಲು ಹಡಗಿಗೆ ಏರಿದ ಕ್ಷಣದಿಂದ ನಷ್ಟದ ಹೊಣೆ ಕೊಳ್ಳುವವರದ್ದು. ಇಲ್ಲಿ ಎಡವುವವರು ಬಹಳ.

ಕೊನೆಯ ಪ್ರಾಜೆಕ್ಟಿಗೆ ದೊಡ್ಡ ವಿಷಯ ಹುಡುಕಬೇಡಿ. ಯಾವುದಾದರೂ ಕಂಪನಿಯಲ್ಲಿ ಎರಡೇ ಕಾಲಮ್ ಕೇಳಿ: ಆರ್ಡರ್ ಹಾಕಿದ ದಿನ, ಮಾಲು ಬಂದ ದಿನ. ಸಿಸ್ಟಮ್‌ನಲ್ಲಿ ನಮೂದಾಗಿರುವ ಲೀಡ್ ಟೈಮನ್ನು ಪಕ್ಕಕ್ಕಿಟ್ಟು, ನಿಜವಾಗಿ ಹಿಡಿದ ದಿನಗಳಿಂದ ಮೇಲಿನ ಲೆಕ್ಕ ಮಾಡಿ. ಒಂದೇ ಆರ್ಡರ್ ಎರಡು ಕಂತಿನಲ್ಲಿ ಬಂದಿದ್ದರೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ.