ಗ್ರೀನ್ ಕಾರ್ಡ್ ಇಟ್ಟುಕೊಂಡು ಅಮೆರಿಕದ ಏರ್‌ಲೈನ್ ಸೇರಿದ್ದು: ನನ್ನ ಅನುಭವ

ಅಮೆರಿಕದ ಏರ್‌ಲೈನ್‌ನಲ್ಲಿ ಪೈಲಟ್ ಆಗಲು ಅಲ್ಲಿನ ಪೌರತ್ವ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ, ಗ್ರೀನ್ ಕಾರ್ಡ್ ಸಾಕು. ನಾನು ಒಂದು ರೀಜನಲ್ ಏರ್‌ಲೈನ್‌ಗೆ (ಚಿಕ್ಕ ವಿಮಾನಗಳಲ್ಲಿ ಕಡಿಮೆ ದೂರ ಹಾರುವ ಕಂಪನಿ) ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಆಗಿ ಸೇರಿದ್ದು ಹಾಗೆಯೇ. ಆದರೆ ಆ ಕಾರ್ಡ್ ಕೊಡುವುದು ಕೆಲಸ ಮಾಡುವ ಹಕ್ಕು ಮಾತ್ರ. ಲೈಸೆನ್ಸ್, ಲಾಗ್‌ಬುಕ್ (ಹಾರಿದ ಗಂಟೆಗಳ ದಾಖಲೆ), ಪಾಸ್‌ಪೋರ್ಟ್ ಈ ಮೂರನ್ನೂ ನಾವೇ ಸರಿ ಮಾಡಿಕೊಳ್ಳಬೇಕು. ನನಗೆ ಜಾಸ್ತಿ ಸಮಯ ಹಿಡಿದದ್ದು ಅದಕ್ಕೇ.

ನನ್ನ ಹತ್ತಿರ ಇದ್ದದ್ದು ಭಾರತದ ಸಿಪಿಎಲ್, ಅಂದರೆ ಸಂಬಳಕ್ಕೆ ಹಾರಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಹೊರದೇಶದ ಲೈಸೆನ್ಸ್ ತೋರಿಸಿದರೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಅದರ ಆಧಾರದ ಮೇಲೆ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ಸಂಬಳಕ್ಕೆ ಹಾರಬೇಕು ಅಂದರೆ ಅವರ ಲಿಖಿತ ಪರೀಕ್ಷೆ ಬರೆದು, ಅವರ ಚೆಕ್‌ರೈಡ್ (ಹಾರಿಸಿ ತೋರಿಸುವ ಪರೀಕ್ಷೆ) ಪಾಸಾಗಬೇಕು. ಹಳೇ ಲೈಸೆನ್ಸ್ ಅಸಲಿಯೋ ಅಲ್ಲವೋ ಅಂತ ಅವರು ಅದನ್ನು ಕೊಟ್ಟ ಇಲಾಖೆಯನ್ನೇ ಕೇಳುತ್ತಾರೆ. ಆ ಉತ್ತರ ಬರುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಹಾಗಾಗಿ ನಾನು ಮೊದಲು ಆ ಪರಿಶೀಲನೆಗೆ ಅರ್ಜಿ ಹಾಕಿ, ಆಮೇಲೆ ಪರೀಕ್ಷೆಗೆ ಓದಲು ಕೂತೆ.

ಸಮಾಧಾನದ ವಿಷಯ ಅಂದರೆ, ಹೊರದೇಶದಲ್ಲಿ ಹಾರಿದ ಗಂಟೆಗಳು ವ್ಯರ್ಥ ಆಗುವುದಿಲ್ಲ. 2009ರಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದ ಮೇಲೆ ಅಮೆರಿಕ ಕಾನೂನು ಬಿಗಿ ಮಾಡಿತು. 2013ರಿಂದ ಫಸ್ಟ್ ಆಫೀಸರ್‌ಗೂ ಎಟಿಪಿ (ಏರ್‌ಲೈನ್ ಪೈಲಟ್‌ಗಳ ಮೇಲ್ಮಟ್ಟದ ಸರ್ಟಿಫಿಕೇಟ್) ಬೇಕು. ಅದಕ್ಕೆ ಸಾಮಾನ್ಯವಾಗಿ 1,500 ಗಂಟೆ, 23 ವರ್ಷ ವಯಸ್ಸು. ಎಫ್‌ಎಎ ಒಪ್ಪಿದ ಕಾಲೇಜಿನ ವಿಮಾನಯಾನ ಪದವಿ ಇದ್ದವರಿಗೆ 1,000 ಗಂಟೆಗೇ ರಿಸ್ಟ್ರಿಕ್ಟೆಡ್ (ಮಿತಿಗಳಿರುವ) ಎಟಿಪಿ ಸಿಗುತ್ತದೆ. ನನಗೆ ಆ ರಿಯಾಯಿತಿ ಇರಲಿಲ್ಲ.

ಬರೀ 1,500 ತುಂಬಿದರೆ ಆಗಲಿಲ್ಲ. ಅದರೊಳಗೆ ಕ್ರಾಸ್ ಕಂಟ್ರಿ 500, ರಾತ್ರಿ ಹಾರಾಟ 100, ಇನ್‌ಸ್ಟ್ರುಮೆಂಟ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವುದು) 75, ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ) 250 ಇರಬೇಕು. ಇಲ್ಲಿ ನನ್ನ ಲಾಗ್‌ಬುಕ್ ಕಾಲಂಗಳಿಗೂ ಎಫ್‌ಎಎ ಲೆಕ್ಕಕ್ಕೂ ಹೊಂದಾಣಿಕೆ ಆಗಲಿಲ್ಲ. ಎಟಿಪಿಗೆ ಕ್ರಾಸ್ ಕಂಟ್ರಿ ಅಂದರೆ ಹೊರಟ ಜಾಗದಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿಗಿಂತ ಆಚೆ ಹೋಗಿರಬೇಕು, ಅಷ್ಟೇ. ಅಲ್ಲಿ ಇಳಿದಿರಬೇಕು ಅಂತೇನಿಲ್ಲ. ನಾನು ಕ್ರಾಸ್ ಕಂಟ್ರಿ ಅಂತ ಬರೆಯದೇ ಬಿಟ್ಟ ಎಷ್ಟೋ ಹಾರಾಟಗಳು ಈ ಲೆಕ್ಕದಲ್ಲಿ ಬಂದವು! ಕೂತು ಮೊದಲ ಪುಟದಿಂದ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ಬೇಜಾರಿನ ಕೆಲಸ, ಆದರೆ ಇಷ್ಟು ಲಾಭ ಬೇರೆ ಯಾವುದರಲ್ಲೂ ಸಿಗಲಿಲ್ಲ. ಪಿಐಸಿ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿದೆ. ಇನ್ನೊಬ್ಬ ಕ್ಯಾಪ್ಟನ್ ಮೇಲ್ವಿಚಾರಣೆಯಲ್ಲಿ ಹಾರಿದ್ದನ್ನು ಪಿಐಸಿ ಅಂತ ಸೇರಿಸಲಿಲ್ಲ. ಸಂದರ್ಶನದಲ್ಲಿ ಲಾಗ್‌ಬುಕ್ ತಿರುವಿ ಹಾಕುತ್ತಾರೆ. ಅನುಮಾನದ ಒಂದು ಸಾಲು ಕಂಡರೂ ಉಳಿದ ಪುಟಗಳನ್ನು ನಂಬುವುದಿಲ್ಲ.

ಕಡಿಮೆ ಬಿದ್ದ ಗಂಟೆಗಳನ್ನು ಇನ್‌ಸ್ಟ್ರಕ್ಟರ್ ಆಗಿ ತುಂಬಿಸಿದೆ. ಅಲ್ಲಿ ಬಹಳಷ್ಟು ಜನ ಹಿಡಿಯುವ ದಾರಿ ಅದೇ. ಕೊನೆಗೆ ಎಟಿಪಿ ಪರೀಕ್ಷೆಗೆ ಮೊದಲು ಮಾಡಲೇಬೇಕಾದ ಎಟಿಪಿ-ಸಿಟಿಪಿ ಕೋರ್ಸ್: 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್. ಇದಕ್ಕೆ ಕೈಯಿಂದ ದುಡ್ಡು ಹಾಕುವ ಮೊದಲು ಏರ್‌ಲೈನ್‌ಗಳನ್ನು ಕೇಳಿ. ಕೆಲಸಕ್ಕೆ ತೆಗೆದುಕೊಂಡ ಮೇಲೆ ತಾವೇ ಖರ್ಚು ಹಾಕುವ ಕಂಪನಿಗಳಿವೆ.

ಅರ್ಜಿಯಲ್ಲಿ ಎರಡು ಪ್ರಶ್ನೆ ಇರುತ್ತವೆ. ಅಮೆರಿಕದಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಇದೆಯಾ? ಈಗ ಅಥವಾ ಮುಂದೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತಾ? ಗ್ರೀನ್ ಕಾರ್ಡ್ ಇದ್ದವರು ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅನ್ನಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿ ವರ್ಷಗಟ್ಟಲೆ ಇದ್ದವರು ಎರಡನೆಯದಕ್ಕೂ ಅಭ್ಯಾಸಬಲದಿಂದ ಹೌದು ಅಂತ ಟಿಕ್ ಮಾಡಿಬಿಡುತ್ತಾರೆ. ಅಂಥ ಅರ್ಜಿ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಪಕ್ಕಕ್ಕೆ ಹೋಗಬಹುದು.

ಇದಕ್ಕಿಂತ ಕಷ್ಟದ್ದು ಪಾಸ್‌ಪೋರ್ಟ್ ಪ್ರಶ್ನೆ. ಕಂಪನಿ ಹಾರುವ ಎಲ್ಲ ದೇಶಗಳಿಗೂ ನೀವು ಹೋಗಿಬರಲು ಆಗಬೇಕು ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ. ಭಾರತದ ಪಾಸ್‌ಪೋರ್ಟ್ ನೋಡಿದ ಕೂಡಲೇ ಎಚ್‌ಆರ್‌ನವರ ಮುಖದಲ್ಲಿ ವೀಸಾ ಚಿಂತೆ ಕಾಣುತ್ತದೆ. ಸುಮ್ನೆ 'ತೊಂದರೆ ಇಲ್ಲ' ಅಂದರೆ ನಂಬುತ್ತಾರಾ? ನಾನು ಆ ಕಂಪನಿಯ ರೂಟ್ ಮ್ಯಾಪ್ ನೋಡಿ, ದೇಶವಾರು ನಿಯಮ ಬರೆದ ಒಂದು ಹಾಳೆ ತಗೊಂಡು ಹೋಗಿದ್ದೆ. ಕೆನಡಾಕ್ಕೆ ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾ ಬೇಡ, ಆದರೆ 2022ರ ಏಪ್ರಿಲ್‌ನಿಂದ ಕಾರ್ಡ್ ಜೊತೆ ಪಾಸ್‌ಪೋರ್ಟ್ ಕೂಡ ಕೈಯಲ್ಲಿರಬೇಕು. ಮೆಕ್ಸಿಕೋಗೂ ವೀಸಾ ಬೇಡ. ರೀಜನಲ್ ಏರ್‌ಲೈನ್‌ನ ಹೊರದೇಶದ ಹಾರಾಟದಲ್ಲಿ ದೊಡ್ಡ ಪಾಲು ಈ ಎರಡೇ ದೇಶಗಳದ್ದು. ಹಾಳೆ ನೋಡಿದ ಮೇಲೆ ಆ ಮಾತು ಮುಂದುವರಿಯಲೇ ಇಲ್ಲ. ಜೊತೆಗೆ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ರೇಡಿಯೋ ಪರ್ಮಿಟ್ ಮಾಡಿಸಿಟ್ಟಿದ್ದೆ. ಹೊರದೇಶಕ್ಕೆ ಹಾರಲು ಅದು ಬೇಕು. ಪರೀಕ್ಷೆ ಇಲ್ಲ, ಒಮ್ಮೆ ಮಾಡಿಸಿದರೆ ಜೀವನಪೂರ್ತಿ ನಡೆಯುತ್ತದೆ.

ಆಯ್ಕೆಯಾದ ಮೇಲೂ ಒಂದು ಬಾಕಿ ಇರುತ್ತದೆ. 12,500 ಪೌಂಡ್‌ಗಿಂತ ಭಾರದ ವಿಮಾನದ ತರಬೇತಿಗೆ ಪೌರರಲ್ಲದವರು ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಒಪ್ಪಿಗೆ ಪಡೆಯಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ವಿನಾಯಿತಿ ಇಲ್ಲ. ಬೆರಳಚ್ಚು ಕೊಟ್ಟು, ಒಪ್ಪಿಗೆ ಬಂದ ಮೇಲೆಯೇ ಸಿಮ್ಯುಲೇಟರ್. ಕೆಲಸದ ಪತ್ರ ಸಿಕ್ಕ ದಿನವೇ ಟ್ರೇನಿಂಗ್ ವಿಭಾಗಕ್ಕೆ ನಾನು ಪೌರನಲ್ಲ ಅಂತ ಮೇಲ್ ಹಾಕಿದೆ. ಇಲ್ಲದಿದ್ದರೆ ಬ್ಯಾಚ್ ತಪ್ಪುತ್ತದೆ. ಬ್ಯಾಚ್ ತಪ್ಪಿದರೆ ಸೀನಿಯಾರಿಟಿ ನಂಬರ್ ಹಿಂದಕ್ಕೆ ಹೋಗುತ್ತದೆ. ಬೇಸ್ (ಡ್ಯೂಟಿ ಶುರುವಾಗುವ ಊರು), ರಜೆ, ಕ್ಯಾಪ್ಟನ್ ಸೀಟು ಎಲ್ಲ ನಿಂತಿರುವುದು ಆ ನಂಬರಿನ ಮೇಲೇ ಅಲ್ವಾ?

ಇದರ ಮಧ್ಯೆ ಗಲ್ಫ್ ಕಡೆ ಹೋಗಿ ದೊಡ್ಡ ವಿಮಾನ ಹಾರಿಸು ಅಂತ ಹೇಳಿದವರೂ ಇದ್ದರು. ಸಂಬಳದ ದೃಷ್ಟಿಯಿಂದ ಒಳ್ಳೇ ಸಲಹೆಯೇ. ಆದರೆ ಅಲ್ಲಿ ಮನೆ ಮಾಡಿದರೆ ಗ್ರೀನ್ ಕಾರ್ಡ್ ಉಳಿಸಿಕೊಳ್ಳುವುದು ಕಷ್ಟ. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಆ ಕಾರ್ಡ್ ತೋರಿಸಿ ವಾಪಸ್ ಬರಲು ಆಗುವುದಿಲ್ಲ. ಆರು ತಿಂಗಳು ದಾಟಿದರೇ ಪೌರತ್ವಕ್ಕೆ ಬೇಕಾದ ಸತತ ವಾಸದ ಲೆಕ್ಕಕ್ಕೆ ಪೆಟ್ಟು ಬೀಳಬಹುದು. ಕುಟುಂಬ ಅಮೆರಿಕದಲ್ಲೇ ಇದ್ದ ನನಗೆ ಅದು ಹೊಂದುತ್ತಿರಲಿಲ್ಲ. ಹಾಗಾಗಿ 76 ಸೀಟಿನ ಜೆಟ್ಟನ್ನೇ ಆರಿಸಿಕೊಂಡೆ.