ದಿನಾ ಉಬ್ಬುತ್ತಿದ್ದ ಫೈಲು

1992ರ ಮಾರ್ಚ್ ಮೊದಲ ವಾರ. ಚಿಕ್ಕಮಗಳೂರಿನ ಕಾಫಿ ಮಂಡಿಯೊಂದರಲ್ಲಿ ಲೆಕ್ಕದ ಕಂಪ್ಯೂಟರ್ ನನ್ನ ಜವಾಬ್ದಾರಿ. ಕುಯ್ಲು ಮುಗಿದು ಬೆಳೆಗಾರರ ಬಾಕಿ ಕೂಡುವ ಹೊತ್ತು. ಆನ್ ಮಾಡಿದ ಅರ್ಧ ಗಂಟೆಗೆಲ್ಲ ಕಂಪ್ಯೂಟರ್ ತೆವಳುತ್ತಿತ್ತು.

ಫೈಲುಗಳ ಪಟ್ಟಿ, ಗಾತ್ರ ತೋರಿಸುವ ಡಿಐಆರ್ ಆಜ್ಞೆ ಹೊಡೆದು ನೋಡಿದೆ. ಲೆಕ್ಕದ ಪ್ರೋಗ್ರಾಮ್ ಇದ್ದ ಇಎಕ್ಸ್‌ಇ ಫೈಲು ಓಡಿಸಿದಾಗಲೆಲ್ಲ ಸುಮಾರು 1,808 ಬೈಟ್ ಜಾಸ್ತಿಯಾಗುತ್ತಿತ್ತು. ಅದು 1987ರಲ್ಲಿ ಪತ್ತೆಯಾದ ಜೆರುಸಲೇಮ್ ವೈರಸ್. ಕಾಮ್ ಎಂಬ ಇನ್ನೊಂದು ಬಗೆಯ ಪ್ರೋಗ್ರಾಮ್ ಫೈಲಿಗೆ 1,813 ಬೈಟ್ ಒಂದೇ ಸಲ ಅಂಟುತ್ತದೆ. ಇಎಕ್ಸ್‌ಇಯಲ್ಲಿ ಮಾತ್ರ ಮೊದಲೇ ಅಂಟಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಮತ್ತೆ ಮತ್ತೆ ಅಂಟುತ್ತದೆ. ಅದರ ಈ ತಪ್ಪೇ ನಮಗೆ ಸುಳಿವು ಕೊಟ್ಟಿತು, ಅಲ್ವಾ? 13ನೇ ತಾರೀಕು ಶುಕ್ರವಾರ ಬಂದರೆ ಓಡಿಸಿದ ಪ್ರೋಗ್ರಾಮನ್ನೇ ಅಳಿಸಿಬಿಡುತ್ತದೆ. ಆ ತಿಂಗಳ 13 ಶುಕ್ರವಾರವೇ! ಎದೆ ಧಸಕ್ಕೆಂದಿತು.

ಸುಮ್ನೆ ಫೈಲು ಅಳಿಸಿದರೆ ಸಾಲದು, ವೈರಸ್ ಮೆಮೊರಿಯಲ್ಲಿ ಕೂತಿರುತ್ತದೆ. ಕರೆಂಟ್ ಪೂರ್ತಿ ತೆಗೆದೆ. ಏನೂ ಬರೆಯಲಾಗದಂತೆ ಅಂಚಿನ ಕಚ್ಚಿಗೆ ಸ್ಟಿಕರ್ ಅಂಟಿಸಿದ್ದ, ಕಂಪ್ಯೂಟರ್ ನಡೆಸುವ ಡಾಸ್ ತಂತ್ರಾಂಶದ ಮೂಲ ಫ್ಲಾಪಿಯಿಂದ ಶುರು ಮಾಡಿದೆ. ಹಾರ್ಡ್ ಡಿಸ್ಕಿನ ಕಾಮ್, ಇಎಕ್ಸ್‌ಇ ಎಲ್ಲ ಅಳಿಸಿ, ಮೂಲ ಫ್ಲಾಪಿಗಳಿಂದ ಮತ್ತೆ ಹಾಕಿದೆ. ಲೆಕ್ಕದ ಡೇಟಾ ಮುಟ್ಟಲಿಲ್ಲ, ಅದಕ್ಕೆ ಈ ವೈರಸ್ ಅಂಟುವುದಿಲ್ಲ. ಡ್ರಾಯರಿನ ಹಳೇ ಫ್ಲಾಪಿಗಳನ್ನೂ ಬಿಡದೆ ನೋಡಿದೆ. ಎರಡರಲ್ಲಿತ್ತು.

13ರ ಬೆಳಿಗ್ಗೆ ಮತ್ತೆ ಡಿಐಆರ್ ಹೊಡೆದೆ. ಒಂದು ಬೈಟೂ ಹೆಚ್ಚಿರಲಿಲ್ಲ.