ಕ್ಲಚ್ ಪೆಡಲ್ ನೆಲ ಕಚ್ಚಿತೇ? ಮೊದಲು ಒದ್ದೆ ಎಲ್ಲಿದೆ ನೋಡಿ

ಸಿಗ್ನಲ್‌ನಲ್ಲಿ ಹಸಿರು ದೀಪ ಬಂತು. ಕ್ಲಚ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಗೇರ್ ಬೀಳುತ್ತಿಲ್ಲ. ಹಿಂದೆ ಹಾರ್ನ್ ಶುರು. ಹಳೇ ಗಾಡಿ ಇಟ್ಟುಕೊಂಡವರಿಗೆ ಇದು ಒಂದಲ್ಲ ಒಂದು ದಿನ ತಪ್ಪಿದ್ದಲ್ಲ.

ಮಾರುತಿ 800ರಲ್ಲಿ ಕ್ಲಚ್‌ಗೆ ಕೇಬಲ್ ಇತ್ತು, ತುಂಡಾದರೆ ಹೊಸದು ಹಾಕಿದರೆ ಮುಗಿಯಿತು. ಬಿಡದಿಯಲ್ಲಿ ತಯಾರಾದ, 2000ರಲ್ಲಿ ರಸ್ತೆಗೆ ಬಂದ ಕ್ವಾಲಿಸ್‌ನಂಥ ಗಾಡಿಗಳಲ್ಲಿ ಆ ಕೆಲಸವನ್ನು ಬ್ರೇಕ್ ಆಯಿಲ್ ಮಾಡುತ್ತದೆ. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲ್ ದೂಡುತ್ತದೆ. ಅದು ಸಣ್ಣ ಕಬ್ಬಿಣದ ಪೈಪು, ಗೇಣುದ್ದದ ರಬ್ಬರ್ ಹೋಸ್ ದಾಟಿ ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ಗೆ ಬರುತ್ತದೆ. ಅಲ್ಲಿನ ಕಡ್ಡಿ ಹೊರಬಂದು ಕ್ಲಚ್ ಬಿಡಿಸುವ ಕವೆಯನ್ನು, ಅಂದರೆ ಕ್ಲಚ್ ಫೋರ್ಕನ್ನು ತಳ್ಳುತ್ತದೆ.

ಒಂದು ಮಾತು ನೆನಪಿಡಿ. ಈ ಆಯಿಲ್ ಉರಿದು ಖರ್ಚಾಗುವುದಿಲ್ಲ. ಕ್ಲಚ್ ಪ್ಲೇಟ್ ಸವೆದಂತೆ, ಮಾಸ್ಟರ್‌ಗೆ ಆಯಿಲ್ ಕೊಡುವ ಡಬ್ಬಿಯ ಮಟ್ಟ ಸ್ವಲ್ಪ ಏರಬಹುದೇ ಹೊರತು ಇಳಿಯುವುದಿಲ್ಲ. ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ವಾರಕ್ಕೊಮ್ಮೆ ಸುಮ್ನೆ ತುಂಬಿಸಿಕೊಂಡು ಓಡಿಸುವುದು ರಿಪೇರಿ ಅಲ್ಲ.

ಒರೆಸಿ, ಆಮೇಲೆ ಹುಡುಕಿ

ನಾನು ಒಮ್ಮೆ ಇದರಲ್ಲೇ ಮೋಸ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದವರೇ ‘ಮಾಸ್ಟರ್ ಹೋಗಿದೆ ಸಾರ್’ ಅಂದರು. ಹಾಕಿಸಿದೆ. ನಾಲ್ಕೇ ದಿನಕ್ಕೆ ಪೆಡಲ್ ಮತ್ತೆ ನೆಲದಲ್ಲಿ. ಸೋರುತ್ತಿದ್ದದ್ದು ಕೆಳಗಿನ ಹೋಸ್!

ಹಾಗಾಗಿ ಮೊದಲ ಕೆಲಸ, ಆಯಿಲ್ ಹೋಗುವ ಇಡೀ ದಾರಿಯನ್ನು ಬಟ್ಟೆಯಿಂದ ಒಣಗುವಂತೆ ಒರೆಸುವುದು. ಆಮೇಲೆ ಯಾರಿಗಾದರೂ ಹೇಳಿ ಪೆಡಲನ್ನು ಇಪ್ಪತ್ತು ಸಲ ಒತ್ತಿಸಿ, ಟಾರ್ಚ್ ಹಿಡಿದು ನೋಡಿ. ಪೆಡಲ್ ಹಿಂದಿನ ಗೋಡೆ, ಕೆಳಗಿನ ಮ್ಯಾಟ್ ಒದ್ದೆಯಾಗಿದ್ದರೆ ತಪ್ಪು ಮಾಸ್ಟರ್‌ನದು. ಸ್ಲೇವ್‌ನ ರಬ್ಬರ್ ಟೊಪ್ಪಿಯನ್ನು ಬೆರಳಲ್ಲಿ ಸ್ವಲ್ಪ ಸರಿಸಿದಾಗ ಒಳಗಿಂದ ಆಯಿಲ್ ಇಳಿದರೆ ಅದರ ಸೀಲ್ ಹೋಗಿದೆ. ಎರಡೂ ಒಣಗಿದ್ದರೆ ಹೋಸ್ ಬಗ್ಗಿಸಿ ನೋಡಿ. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ. ಆ ಎಳೆದಾಟವೆಲ್ಲ ಹೋಸ್ ಮೇಲೆ. ವರ್ಷಗಳಾದ ಮೇಲೆ ರಬ್ಬರ್ ಬಿರುಕು ಬಿಡದೆ ಇರುತ್ತದೆಯೇ? ಕಬ್ಬಿಣದ ಪೈಪಾದರೆ ಕ್ಲಿಪ್ಪಿನ ಅಡಿಯಲ್ಲಿ ಉಜ್ಜಿ, ತುಕ್ಕು ಹಿಡಿದು ತೂತಾಗುವುದೇ ಜಾಸ್ತಿ.

ಎಲ್ಲೂ ಒದ್ದೆ ಇಲ್ಲ, ಮಟ್ಟವೂ ಇಳಿದಿಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕುಸಿಯುತ್ತಿದೆ ಅಂದರೆ ಮಾಸ್ಟರ್ ಒಳಗೊಳಗೇ ಸೋರುತ್ತಿದೆ. ಅದು ಬೇರೆ ರಿಪೇರಿ.

ಹೋಸ್ ಬದಲಿಸುವುದು

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಅಡಿಗೆ ಹೋಗುವ ಮುಂಚೆ ಸ್ಟ್ಯಾಂಡ್ ಇಡಲೇಬೇಕು. ಇದರಲ್ಲಿ ಚೌಕಾಸಿ ಬೇಡ.

ಪೈಪಿನ ನಟ್ಟು ಮೆತ್ತಗಿನದು. ಸಾದಾ ಸ್ಪ್ಯಾನರ್ ಹಾಕಿ ತಿರುವಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಪೈಪಿಗೆಂದೇ ಬರುವ, ಒಂದು ಕಡೆ ಸೀಳಿದ ರಿಂಗ್ ಸ್ಪ್ಯಾನರ್ ತನ್ನಿ. ಅಂಗಡಿಯಲ್ಲಿ ಫ್ಲೇರ್ ನಟ್ ಸ್ಪ್ಯಾನರ್ ಅಂತ ಕೇಳಿ. ಹಿಂದಿನ ರಾತ್ರಿಯೇ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಅರ್ಧ ಕೆಲಸ ಆದಂತೆ. ಬಿಚ್ಚುವಾಗ ಹೋಸ್‌ನ ತಲೆಯನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ನಟ್ಟನ್ನು ಇನ್ನೊಂದರಲ್ಲಿ ತಿರುವಿ. ಇಲ್ಲದಿದ್ದರೆ ಪೈಪೇ ಮುರುಟಿಕೊಳ್ಳುತ್ತದೆ. ಬಿಚ್ಚಿದ ಪೈಪಿನ ಬಾಯಿಗೆ ರಬ್ಬರ್ ಕ್ಯಾಪ್ ಹಾಕಿ, ಧೂಳು ಒಳಗೆ ಹೋಗದಿರಲಿ.

ಹೊಸ ಹೋಸ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಬೆಂಗಳೂರಿನವರಿಗೆ ಗಾಡಿ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ. ಉದ್ದ, ಎರಡೂ ತುದಿಯ ಥ್ರೆಡ್ ಜೋಡಿಸಿ ನೋಡಿ. ತಾಮ್ರದ ವಾಷರ್ ಇದ್ದರೆ ಹೊಸದನ್ನೇ ಹಾಕಿ. ಒಮ್ಮೆ ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ. ನಟ್ಟನ್ನು ಮೊದಲು ಬೆರಳಲ್ಲೇ ನಾಲ್ಕು ಸುತ್ತು ಕೂರಿಸಿ, ಆಮೇಲೆ ಸ್ಪ್ಯಾನರ್. ಹೋಸ್ ತಿರುಚಿಕೊಳ್ಳಬಾರದು, ಬಿಸಿ ಸೈಲೆನ್ಸರ್ ಪೈಪಿಗೆ ತಾಕಲೂಬಾರದು.

ಪೈಪೇ ತೂತಾಗಿದ್ದರೆ ಎಂ-ಸೀಲ್ ಮೆತ್ತುವುದು, ಟೇಪ್ ಸುತ್ತುವುದು ಯಾವುದೂ ಆ ಒತ್ತಡಕ್ಕೆ ನಿಲ್ಲುವುದಿಲ್ಲ. ಪೈಪನ್ನು ಪೂರ್ತಿ ಬದಲಿಸಿ.

ಆಯಿಲ್ ಮತ್ತು ಗಾಳಿ

ಬಾಟಲಿ ಮೇಲೆ ಬ್ರೇಕ್ ಫ್ಲೂಯಿಡ್ ಅಂತಿದ್ದರೂ ನಮ್ಮಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅನ್ನುತ್ತೇವೆ, ಅಲ್ವಾ? ತಾಪತ್ರಯ ಇರುವುದು ಆ ಹೆಸರಿನಲ್ಲೇ. ಆಯಿಲ್ ತಾನೇ ಅಂತ ಎಂಜಿನ್ ಆಯಿಲ್ ಸುರಿದವರಿದ್ದಾರೆ. ಅದು ತಾಕಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಹಾಕಿ. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು ಇದಕ್ಕೆ ಬೆರೆಸಬೇಡಿ. ವರ್ಷದ ಹಿಂದೆ ತೆರೆದ ಬಾಟಲಿಯೂ ಬೇಡ, ಗಾಳಿಯ ತೇವ ಹೀರಿಕೊಂಡಿರುತ್ತದೆ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಈಗ ಹೋಸ್ ಬಿಚ್ಚಿದಾಗ ಒಳಗೆ ಸೇರಿದ ಗಾಳಿ ತೆಗೆಯಬೇಕು. ಸ್ಲೇವ್ ಮೇಲೆ ಗಾಳಿ ಹೊರಬಿಡಲೆಂದೇ ಇರುವ ಸಣ್ಣ ತಿರುಪಿಗೆ, ಅಂದರೆ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿಸಿ. ಮೇಲೆ ಒಬ್ಬರು ಕೂರಲಿ. ನಮ್ಮ ಮನೆಯಲ್ಲಿ ಈ ಕೆಲಸ ಮಗಳದು.

‘ಒತ್ತಮ್ಮಾ.’

‘ಒತ್ತಿದೀನಿ ಅಪ್ಪಾ.’

ನಿಪ್ಪಲ್ ಅರ್ಧ ಸುತ್ತು ಸಡಿಲಿಸಿದೆ. ಟ್ಯೂಬಿನಲ್ಲಿ ಗುಳ್ಳೆಗಳ ಸಾಲು ಬುಳುಬುಳು ಅಂತ ಓಡಿತು.

‘ಕೆಳಗೆ ಹೋಯ್ತಪ್ಪಾ! ಬಿಡ್ಲಾ?’

‘ಬೇಡ, ಬೇಡ, ತಡಿ!’

ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೊರಗೆ ಹೋದ ಗಾಳಿ ವಾಪಸ್ ಒಳಗೆ. ಶುರುವಿನಲ್ಲಿ ಪೆಡಲ್ ತಾನಾಗಿ ಮೇಲೆ ಬರುವುದಿಲ್ಲ, ಪಾದದ ಬೆನ್ನಿನಿಂದ ಎತ್ತಿಕೊಳ್ಳಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಆಟ. ನಡುವೆ ಡಬ್ಬಿ ಖಾಲಿಯಾಯಿತೋ, ಮತ್ತೆ ಮೊದಲಿಂದ. ನಾಲ್ಕೈದು ಒತ್ತಿಗೊಮ್ಮೆ ತುಂಬಿಸುತ್ತಿರಿ. ನಿಪ್ಪಲ್ ಒಳಗೆ ಟೊಳ್ಳು, ಸಿಟ್ಟಿನಿಂದ ಬಿಗಿದರೆ ಮುರಿದು ಕೈಗೆ ಬರುತ್ತದೆ. ಹೊರಬಂದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಬಾಟಲಿಯಲ್ಲಿ ಮುಚ್ಚಿಟ್ಟು ಗ್ಯಾರೇಜಿನವರಿಗೆ ಕೊಡಿ.

ಪೆಡಲ್ ಮೇಲೆಯೇ ಗಟ್ಟಿಯಾಗಿ ಸಿಗುತ್ತಿದ್ದರೆ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮೂರು ಸೆಕೆಂಡು ಬಿಟ್ಟು ರಿವರ್ಸ್ ಹಾಕಿ. ಕಿರ್ ಅಂದರೆ ಇನ್ನೂ ಗಾಳಿ ಉಳಿದಿದೆ. ಸದ್ದಿಲ್ಲದೆ ಬಿತ್ತು ಅಂದರೆ ರಾತ್ರಿ ಗೇರ್ ಬಾಕ್ಸ್ ಅಡಿಗೆ ಹಳೇ ನ್ಯೂಸ್‌ಪೇಪರ್ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕಲೆ ಇದೆಯೋ ಇಲ್ಲವೋ ನೋಡಿಕೊಂಡು ಗಾಡಿ ತೆಗೆಯಿರಿ.